ಗಂಟೆಗೊಂದು ನಕಲು

ಅರ್ನ್‌ಫಿನ್ ಟ್ವೈಟೆನ್ ಸ್ಕೋಗ್‌ಲಿಯಾ ವಸತಿ ಸಂಘದ ಡೇಟಾ ಪಾಲಕನಾದದ್ದು ಕಾಫಿ ಫ್ಲಾಸ್ಕಿಗೆ ಕೈ ಚಾಚಿದ್ದರಿಂದ. ವಾರ್ಷಿಕ ಸಭೆಯಲ್ಲಿ "ಈ ಕೆಲಸ ಯಾರು ವಹಿಸಿಕೊಳ್ತೀರಿ?" ಎಂಬ ಪ್ರಶ್ನೆ ಬಂದೊಡನೆ ಅನುಭವಸ್ಥರು ಉಸಿರಾಟವನ್ನೂ ಮಿತಗೊಳಿಸಿ, ತಮ್ಮ ತಮ್ಮ ಬೂಟಿನ ತುದಿಯನ್ನು ಅಧ್ಯಯನ ಮಾಡುತ್ತ ಕೂರುತ್ತಾರೆ. ಅಲುಗಾಡಿದವನು ಆಯ್ಕೆಯಾದಂತೆಯೇ. ಅರ್ನ್‌ಫಿನ್‌ಗೆ ಈ ನಿಯಮ ಗೊತ್ತಿಲ್ಲದೆ ಇರಲಿಲ್ಲ. ನಾರ್ವೆಯ ತ್ರೋಂಡ್‌ಹೈಮಿಗೆ ಬಂದಾಗಿನಿಂದ ಪ್ರತಿವರ್ಷ ಕಲ್ಲಿನಂತೆ ಕೂತು ಬಂದವನು. ಆ ವರ್ಷ ಮಾತ್ರ ಫ್ಲಾಸ್ಕು ಸ್ವಲ್ಪ ದೂರದಲ್ಲಿತ್ತು.

"ಅರ್ನ್‌ಫಿನ್!" ಎಂದಳು ಅಧ್ಯಕ್ಷೆ ಆಸ್ಲಾಗ್, ಹರಾಜು ಕೂಗುವವಳ ಚುರುಕಿನಲ್ಲಿ. "ತುಂಬ ಸಂತೋಷ. ಬ್ಯಾಕಪ್ಪು ಗಿಕಪ್ಪು ಎಲ್ಲ ನಿನಗೆ ಬರುತ್ತೆ ತಾನೆ?"

ಬರುವುದಿಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅರ್ನ್‌ಫಿನ್ ಬಣ್ಣದ ಅಂಗಡಿಯಲ್ಲಿ ಮಾರಾಟಗಾರ. ಗಿರಾಕಿ ಕೇಳಿದ ಬಣ್ಣದ ಸಂಖ್ಯೆಯನ್ನು ಒತ್ತಿದರೆ ಯಂತ್ರ ತಾನೇ ಕಲಸಿ ಕೊಡುತ್ತಿತ್ತು, ಕಂಪ್ಯೂಟರಿನೊಡನೆ ಅವನ ನಂಟು ಅಷ್ಟೇ. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಬೋರ್ಗ್‌ಹಿಲ್ಡ್ ಹಿಂತಿರುಗಿ, ಕನ್ನಡಕದ ಮೇಲಿಂದ ಅವನನ್ನು ನೋಡಿ ನಕ್ಕಳು. ಅವನು ಮಾರಿದ ಬಣ್ಣ ಗೋಡೆಗೆ ಬಳಿದ ಮೇಲೆ ಹಳಸಿದ ಸಾರಿನಂತೆ ಕಾಣುತ್ತದೆ ಎಂದು ಇಡೀ ಕಟ್ಟಡಕ್ಕೆ ಸಾರಿದ್ದ ಹೆಂಗಸು ಅವಳು. ಅವಳೆದುರು ಬಗ್ಗುವ ಮಾತಿರಲಿಲ್ಲ.

"ಬ್ಯಾಕಪ್ಪಾ? ಅದು ನನಗೆ ಎಡಗೈ ಕೆಲಸ" ಎಂದ ಅರ್ನ್‌ಫಿನ್.

"ಎಷ್ಟು ಹೊತ್ತಿಗೊಂದು ನಕಲು ತೆಗೀಬೇಕು ಅಂತೀಯ?" ಖಜಾಂಚಿ ಲೈದುಲ್ಫ್ ಕೇಳಿದ.

"ಗಂಟೆಗೊಂದು."

"ಎಷ್ಟು ದಿನ ಇಟ್ಕೋಬೇಕು?"

"ಶಾಶ್ವತವಾಗಿ. ಡೇಟಾ ಏನು ಹಾಲೇ, ಹುಳಿಯಾಗೋಕೆ?"

ಸಭೆ ಚಪ್ಪಾಳೆ ತಟ್ಟಿತು. ಅಷ್ಟು ದೃಢವಾಗಿ ಮಾತಾಡುವವನನ್ನು ಸ್ಕೋಗ್‌ಲಿಯಾ ಬಹಳ ಕಾಲದಿಂದ ಕಂಡಿರಲಿಲ್ಲ.

ಆ ಡೇಟಾಬೇಸಿನ ಮಹತ್ವವನ್ನು ಕಡೆಗಣಿಸುವಂತಿಲ್ಲ. ಯಾವ ಮನೆಯವರು ಯಾವಾಗ ಬಟ್ಟೆ ಒಗೆಯಬೇಕು, ಸೌನಾ ಎಂಬ ಬಿಸಿಹಬೆಯ ಕೋಣೆ ಶುಕ್ರವಾರ ಯಾರದು, ಕಾರು ನಿಲ್ಲಿಸುವ ಜಾಗ ಯಾರದು, ವಸಂತದಲ್ಲೂ ಶರತ್ಕಾಲದಲ್ಲೂ ಎಲ್ಲರೂ ಕೂಡಿ ಅಂಗಳ ಗುಡಿಸುವ ದುಗ್ನಾಡ್‌ಗೆ ಬಾರದೆ ತಲೆನೋವಿನ ನೆಪ ಹೇಳಿದವರು ಯಾರು ಎಂಬ ಅರವತ್ತು ಸಂಸಾರಗಳ ನ್ಯಾಯಾನ್ಯಾಯವೆಲ್ಲ ಅದರಲ್ಲಿತ್ತು. ಹಿಂದಿನ ಪಾಲಕ ಅದನ್ನು ಕ್ಲೌಡ್ ಕಂಪನಿಯೊಂದರಲ್ಲಿ ಬಾಡಿಗೆಗಿಟ್ಟು ಸ್ಪೇನಿಗೆ ಹೊರಟುಹೋಗಿದ್ದ. ಮನೆಗೆ ಬಂದ ಅರ್ನ್‌ಫಿನ್ ಆ ಕಂಪನಿಯ ಪುಟ ತೆರೆದ. ಅದರ ತುಂಬ ಖಾಲಿ ಚೌಕಗಳು. ಪ್ರತಿಯೊಂದು ಚೌಕದ ಮುಂದೂ ಸುರಕ್ಷತೆ, ಹೆಚ್ಚಿನ ಸುರಕ್ಷತೆ, ಇನ್ನೊಂದು ದೇಶದಲ್ಲೂ ಸುರಕ್ಷತೆ ಎಂಬರ್ಥದ ಮಾತುಗಳು. ಸುರಕ್ಷತೆ ಬೇಡವೆನ್ನುವುದು ಜವಾಬ್ದಾರಿಯುತ ಮನುಷ್ಯನ ಲಕ್ಷಣವಲ್ಲ. ಎಲ್ಲ ಚೌಕಗಳಿಗೂ ಗುರುತು ಹಾಕಿ, ನೆಲಮಾಳಿಗೆಯ ಮರಗೆಲಸದ ಕೋಣೆಗೆ ಇಳಿದುಹೋದ. ಅಲ್ಲಿ ಅವನ ದೋಣಿಯಿತ್ತು.

ಆ ದೋಣಿಯ ಬಗ್ಗೆ ಎರಡು ಮಾತು. ನಾಲ್ಕು ಹುಟ್ಟಿನ ಹಳೆ ಮಾದರಿಯ ದೋಣಿ. ಹಲಗೆ ಹಲಗೆಯಾಗಿ, ಶನಿವಾರ ಶನಿವಾರವಾಗಿ ಏಳುತ್ತಿತ್ತು. ಅಂಗಡಿಯಲ್ಲಿ ಬೇರೆಯವರ ಗೋಡೆಗಳ ಬಗ್ಗೆ ವಾರವಿಡೀ ಅಭಿಪ್ರಾಯ ಕೊಟ್ಟು ಬಂದ ಮನುಷ್ಯನಿಗೆ ತನ್ನದೆನ್ನುವ ಕೆಲಸ ಅದೊಂದೇ. ಅದನ್ನು ಇಡಲು ಬೇರೆ ಜಾಗವೂ ಇರಲಿಲ್ಲ. ಮನೆಯ ಹಾಲಿನಲ್ಲಿ ಇಡಬಹುದೇ ಎಂದು ಒಮ್ಮೆ ಕೇಳಿದ್ದಕ್ಕೆ ಹೆಂಡತಿ ಗುನ್ವೋರ್, "ಇಡು. ನಾನು ಎಲ್ಲಿರಲಿ ಅಂತ ಅದನ್ನೇ ಕೇಳು" ಎಂದಿದ್ದಳು.

ಮುಂದಿನ ಜನವರಿಯಲ್ಲಿ ಲೈದುಲ್ಫ್ ಸಮಿತಿಯ ತುರ್ತು ಸಭೆ ಕರೆದ. ಬಂದರಿನ ಕಚೇರಿಯಲ್ಲಿ ನಿವೃತ್ತನಾದ ಲೈದುಲ್ಫ್ ಕೆಟ್ಟ ಸುದ್ದಿಯನ್ನು ಹವಾಮಾನ ವರದಿಯಂತೆ ಓದುವವನು.

"ನಕಲು ಇಡೋ ಖರ್ಚು" ಎಂದ, "ಹಿಮ ತೆಗೆಸೋ ಖರ್ಚನ್ನ ದಾಟಿದೆ."

ಸ್ಕೋಗ್‌ಲಿಯಾದ ಆಯವ್ಯಯದಲ್ಲಿ ಹಿಮಕ್ಕಿಂತ ದೊಡ್ಡದು ಯಾವುದೂ ಇಲ್ಲ, ಇರಬಾರದು. ಹಿಮ ಆಕಾಶದಿಂದ ಬೀಳುತ್ತದೆ, ಯಾರನ್ನೂ ದೂರುವಂತಿಲ್ಲ. ಇದು ಅರ್ನ್‌ಫಿನ್‌ನಿಂದ ಬಿದ್ದದ್ದು.

"ಅಲ್ಲ ಮಾರಾಯ" ಎಂದಳು ಆಸ್ಲಾಗ್, "ಒಗೆಯೋ ಬಟ್ಟೆ ಲೆಕ್ಕಕ್ಕೆ ಇಷ್ಟು ಖರ್ಚಾ? ಅಣ್ವಸ್ತ್ರದ ಗುಟ್ಟು ಏನಾದ್ರೂ ಇಟ್ಟಿದ್ದೀಯಾ ಅದರಲ್ಲಿ?"

"ಸುರಕ್ಷತೆ" ಎಂದ ಅರ್ನ್‌ಫಿನ್, ಕ್ಷೀಣ ಸ್ವರದಲ್ಲಿ.

"ಕಳಕೊಳ್ಳೋಕೆ ದುಡ್ಡೇ ಉಳೀದಿದ್ರೆ ಸುರಕ್ಷಿತವಾಗೇ ಇರ್ತೀವಿ ಬಿಡು" ಎಂದ ಲೈದುಲ್ಫ್.

ಅಷ್ಟರಲ್ಲಿ ಬಾಗಿಲು ತಟ್ಟಿ ಕೊರಿಯರಿನವನು ದೊಡ್ಡ ಡಬ್ಬಿ ಕೊಟ್ಟುಹೋದ. ಒಳಗೆ ಬಾದಾಮಿ ಹೊದಿಕೆಯ ಕೇಕು. ಮೇಲೆ ಸಕ್ಕರೆಯ ಅಕ್ಷರಗಳಲ್ಲಿ, "ನಮ್ಮ ಬಂಗಾರದ ಗ್ರಾಹಕರಿಗೆ, ಕ್ಲೌಡ್ ಕಂಪನಿಯ ಪ್ರೀತಿಯ ಕಾಣಿಕೆ." ಸಮಿತಿ ಕೇಕನ್ನು ಬಹಳ ಹೊತ್ತು ನೋಡಿತು. ಕೊನೆಗೆ ಲೈದುಲ್ಫ್ ತುಂಡು ಬಾಯಿಗಿಟ್ಟು, "ರುಚಿಯಾಗಿದೆ. ಇಷ್ಟು ದುಬಾರಿ ಕೇಕು ನನ್ನ ಜನ್ಮದಲ್ಲಿ ತಿಂದಿಲ್ಲ" ಎಂದ.

ತೀರ್ಮಾನವಾಯಿತು. ಏಪ್ರಿಲಿನ ವಾರ್ಷಿಕ ಸಭೆಯೊಳಗೆ ಬಿಲ್ಲು ಕಾಲು ಭಾಗಕ್ಕೆ ಇಳಿಯಬೇಕು. ಇಳಿಯದಿದ್ದರೆ ನಷ್ಟ ತುಂಬಲು ಮರಗೆಲಸದ ಕೋಣೆಯನ್ನು ಬಾಡಿಗೆಗೆ ಕೊಡುವುದು. ಗಿರಾಕಿಯೂ ಸಿದ್ಧನಿದ್ದ: ಯೋಸ್ಟೈನ್ ಎಂಬ ವ್ಯಾಪಾರಿ. ಊರಿನವರ ಕಾರುಗಳ ಚಳಿಗಾಲದ ಟೈರುಗಳನ್ನು ಬೇಸಿಗೆಯಲ್ಲೂ ಬೇಸಿಗೆಯ ಟೈರುಗಳನ್ನು ಚಳಿಗಾಲದಲ್ಲೂ ಜೋಪಾನವಾಗಿ ಇಟ್ಟುಕೊಡುವುದು ಅವನ ಕಸುಬು.

"ನನ್ನ ದೋಣಿ?" ಎಂದ ಅರ್ನ್‌ಫಿನ್.

"ಕ್ಲೌಡಲ್ಲಿ ಇಡು" ಎಂದಳು ಆಸ್ಲಾಗ್.

ಮರುದಿನ ಬೆಳಿಗ್ಗೆಯೇ ಅವನು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ. ಯಾನಿಕೆ ಎಂಬ ಹೆಂಗಸು ನಗುಮೊಗದ ದನಿಯಲ್ಲಿ ಮಾತಾಡಿದಳು.

"ನಕಲುಗಳನ್ನ ಅಳಿಸಬೇಕಾ? ಖಂಡಿತ. ಯಾವ್ಯಾವುದನ್ನ?"

"ಬೇಡದವನ್ನ."

"ಯಾವುದು ಬೇಡ?"

ಇದು ಒಳ್ಳೆಯ ಪ್ರಶ್ನೆಯೆಂದು ಅರ್ನ್‌ಫಿನ್‌ಗೆ ಅನಿಸಿತು. ಉತ್ತರ ಮಾತ್ರ ತಿಳಿಯಲಿಲ್ಲ. ಫೋನಿಟ್ಟು ಆಸ್ಲಾಗ್ ಬಳಿ ಹೋದ. ಅವಳು ಹುಬ್ಬೇರಿಸಿದಳು. "ಜನರ ಲೆಕ್ಕ ಜನರನ್ನ ಕೇಳದೆ ಅಳಿಸೋದು ಅಂದ್ರೇನು? ಎಲ್ಲರನ್ನೂ ಕೇಳು." ಎಲ್ಲರನ್ನೂ ಒಟ್ಟಿಗೆ ಕೇಳುವ ದಾರಿ ಸ್ಕೋಗ್‌ಲಿಯಾಕ್ಕೆ ಗೊತ್ತಿದ್ದದ್ದು ಒಂದೇ. ಬಾಗಿಲುಗಳ ಮೇಲೆ ಚೀಟಿ ಬಿತ್ತು: ಶನಿವಾರ ವಿಶೇಷ ದುಗ್ನಾಡ್, ಹಳೆಯ ನಕಲುಗಳ ಶುಚಿಕಾರ್ಯ, ಎಲ್ಲರೂ ಬರಬೇಕು, ವ್ಯಾಫಲ್ ಇದೆ.

ಕ್ಲೌಡಿನ ಕಸವನ್ನು ದುಗ್ನಾಡ್ ಮಾಡಿ ತೆಗೆಯಲು ಹೊರಟ ಊರು ಭೂಮಿಯ ಮೇಲೆ ಮತ್ತೊಂದು ಇದ್ದೀತೇ, ಹೇಳಲಾಗದು. ಆ ಶನಿವಾರ ಎಲ್ಲರೂ ಬಂದರು. ದುಗ್ನಾಡ್ ಎಂದ ಮೇಲೆ ಬರಿಗೈಲಿ ಬರುವುದು ಹೇಗೆ ಎಂದು ಸಲಿಕೆ, ಪೊರಕೆ, ಕೈಗವಸುಗಳೊಂದಿಗೇ ಬಂದರು. ಒಬ್ಬ ಮುದುಕ ಏಣಿ ತಂದಿದ್ದ. ಒಂದೇ ಮೆಟ್ಟಿಲು ಬಳಸುವ ಮನೆಗಳ ಪ್ರತಿ ಗುಂಪಿಗೂ ಎರಡೆರಡು ತಿಂಗಳ ನಕಲುಗಳನ್ನು ಹಂಚಲಾಯಿತು. ನೋಡಿ, ಬೇಡದ್ದನ್ನು ಹೇಳಬೇಕು.

ಯಾರಿಗೂ ಯಾವುದೂ ಬೇಡವಾಗಿರಲಿಲ್ಲ.

"ಜುಲೈ ಮುಟ್ಟಬೇಡಿ" ಎಂದಳು ಮೂರನೇ ಮಹಡಿಯವಳು. "ಕ್ರಿಸ್ಮಸ್ ಹಿಂದಿನ ದಿನದ ಒಗೆಯೋ ಸರದಿ ನಾನು ಜುಲೈಯಲ್ಲೇ ಹಿಡಿದಿಟ್ಟಿದ್ದೆ ಅನ್ನೋಕೆ ಅದೇ ಸಾಕ್ಷಿ."

"ಜುಲೈಯಲ್ಲೇ ಹಿಡಿದಿಟ್ಟೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ?" ಎಂದ ಎದುರು ಮನೆಯವನು.

"ಅಕ್ಟೋಬರ್ ಇರಲಿ" ಎಂದ ಲೈದುಲ್ಫ್, ಖಜಾಂಚಿಯೇ. "ನಾನು ದುಗ್ನಾಡ್‌ಗೆ ಬಂದಿದ್ದೆ. ಬಂದಿಲ್ಲ ಅಂತ ದಂಡ ಹಾಕಿದಾರೆ. ಈ ಮೊಕದ್ದಮೆ ನಾನು ಬಿಡಲ್ಲ."

ಬೋರ್ಗ್‌ಹಿಲ್ಡ್‌ಳ ಸಂಗತಿ ಎಲ್ಲಕ್ಕಿಂತ ಗಂಭೀರ. ಕಸದ ಕೊಟ್ಟಿಗೆಯಲ್ಲಿ ತಪ್ಪು ಡಬ್ಬಿಗೆ ತಪ್ಪು ಕಸ ಹಾಕಿದ ಪ್ರತಿ ಅಪರಾಧವನ್ನೂ ಅವಳು ಫೋಟೋ ತೆಗೆದು ಡೇಟಾಬೇಸಿಗೆ ಏರಿಸುತ್ತಿದ್ದಳು. ದೊಡ್ಡ ಕ್ಯಾಮರಾದಲ್ಲಿ, ಮುಂದಿನಿಂದ, ಪಕ್ಕದಿಂದ, ಮೇಲಿನಿಂದ. "ನನ್ನ ಒಂದು ಫೋಟೋ ಹೋದ್ರೂ ನಗರಸಭೆಗೆ ಬರೀತೀನಿ" ಎಂದಳು.

ಸಂಜೆಯ ಹೊತ್ತಿಗೆ ಅಳಿಸಲು ಒಪ್ಪಿಗೆ ಸಿಕ್ಕಿದ ನಕಲುಗಳ ಸಂಖ್ಯೆ ಸೊನ್ನೆ. ಅದಕ್ಕೂ ಮಿಗಿಲಾಗಿ, ಗಡಿಬಿಡಿಯಲ್ಲಿ ಏನಾದರೂ ಕಳೆದುಹೋದೀತೆಂದು ಎಲ್ಲರೂ ತಂತಮ್ಮ ತಿಂಗಳುಗಳಿಗೆ ಇನ್ನೊಂದೊಂದು ನಕಲು ತೆಗೆದಿಟ್ಟಿದ್ದರು. ತಂದ ಸಲಿಕೆ ದಂಡವಾಗಬಾರದೆಂದು ಅಂಗಳದ ಹಿಮ ತೆಗೆದು, ಬಹಳ ತೃಪ್ತಿಯಿಂದ ಮನೆಗೆ ಹೋದರು. ಬಿಲ್ಲು ಏರಿತು. ಮತ್ತೊಂದು ಕೇಕು ಬಂತು.

"ಈ ಸಲ ಮೇಲೆ ಸ್ಟ್ರಾಬೆರಿ ಇದೆ" ಎಂದಳು ಗುನ್ವೋರ್. "ಬಡ್ತಿ ಸಿಕ್ಕಿದೆ ನಿನಗೆ."

ಮುಂದಿನ ಭಾನುವಾರ ಬೋರ್ಗ್‌ಹಿಲ್ಡ್ ಬಾಗಿಲಲ್ಲಿ ನಿಂತಿದ್ದಳು. ಹೋದ ವರ್ಷ ಮಾರ್ಚಿನಲ್ಲಿ ಕಾಗದದ ಕಸದ ಡಬ್ಬಿಯಲ್ಲಿ ಮೀನಿನ ತಲೆಗಳಿದ್ದ ಚೀಲ ಸಿಕ್ಕಿತ್ತಲ್ಲ, ಆ ಫೋಟೋ ತಕ್ಷಣ ಬೇಕು. ಅದೇ ಬಗೆಯ ಗಂಟು ಹಾಕಿದ ಚೀಲ ಲೈದುಲ್ಫ್ ಕೈಯಲ್ಲಿ ಕಂಡಿದ್ದಾಳೆ. "ಹಳೇ ಫೋಟೋ ನಿನ್ನ ಮೊದಲನೇ ನಕಲಲ್ಲಿ ಇರುತ್ತೆ. ಇಲ್ಲ ಅಂದ್ರೆ ನಿನ್ನ ಎಡಗೈಯನ್ನ ನಾನೂ ನೋಡ್ತೀನಿ."

ಅರ್ನ್‌ಫಿನ್ ಬೆವರುತ್ತ ಕೂತ. ಒಂದು ನಕಲನ್ನು ತೆರೆಯುವುದು ಅವನ ಜೀವಮಾನದಲ್ಲಿ ಅದೇ ಮೊದಲು. ಅರ್ಧ ಗಂಟೆ ತಿಣುಕಾಡಿ ತೆರೆದ. ಚೀಲವೂ ಸಿಕ್ಕಿತು, ಮೀನಿನ ಕಣ್ಣುಗಳ ಸಮೇತ. ಬೋರ್ಗ್‌ಹಿಲ್ಡ್ ಹೆಗಲ ಮೇಲಿಂದ ಬಗ್ಗಿ ನೋಡಿ, "ಇದು ಮೊದಲನೇ ನಕಲಲ್ಲ. ನಿನ್ನೆಯದು ತೆರೆದಿದ್ದೀಯ" ಎಂದಳು.

ನಿಜ. ಅವಸರದಲ್ಲಿ ತಪ್ಪು ನಕಲು. ಆದರೂ ಚೀಲ ಅದರಲ್ಲಿತ್ತು. ಅರ್ನ್‌ಫಿನ್ ನವೆಂಬರಿನದನ್ನು ತೆರೆದ. ಚೀಲ. ಆಗಸ್ಟಿನದನ್ನು ತೆರೆದ. ಚೀಲ. ಎಲ್ಲಿ ತೆರೆದರಲ್ಲಿ ಅದೇ ಮೀನುಗಳು ಅವನನ್ನೇ ದಿಟ್ಟಿಸುತ್ತಿದ್ದವು. ಅವನಿಗೆ ಮೋಸದ ವಾಸನೆ ಹೊಡೆಯಿತು. ಸೋಮವಾರ ಯಾನಿಕೆಗೆ ಫೋನು ಹಾಕಿ ಗುಡುಗಿದ.

"ಒಂದೇ ಚೀಲಾನ ನನಗೆ ಎಂಟು ಸಾವಿರ ಸಲ ಮಾರಿದ್ದೀರಿ!"

"ಯಾವ ಚೀಲ?"

"ಮೀನಿನ ಚೀಲ! ಪ್ರತಿ ನಕಲಲ್ಲೂ ಇದೆ!"

ಆ ಕಡೆ ಕೀಲಿಮಣೆಯ ಸದ್ದಾಯಿತು. "ಹೌದು, ಇರಲೇಬೇಕಲ್ಲ. ನೀವು ಆರಿಸಿರೋದು ಪೂರ್ತಿ ನಕಲು. ಗಂಟೆಗೊಂದು ಸಲ ಎಲ್ಲಾನೂ ಮೊದಲಿಂದ ಪುನಃ ತೆಗೆಯುತ್ತೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು... ಕಸದ ಫೋಟೋ. ಇದೇನು, ಕಲಾಕೃತಿಯಾ?"

"ನೆರೆಹೊರೆ" ಎಂದ ಅರ್ನ್‌ಫಿನ್.

ಫೋನಿಟ್ಟ ಮೇಲೆ ಅವನು ಅಂಗಡಿಯ ಬಣ್ಣದ ಡಬ್ಬಿಗಳ ನಡುವೆ ಕೂತು ಲೆಕ್ಕ ಹಾಕಿದ. ನಕಲುಗಳ ಸಂಖ್ಯೆ ದಿನೇದಿನೇ ಬೆಳೆದಿತ್ತು. ಬೋರ್ಗ್‌ಹಿಲ್ಡ್‌ಳ ಉತ್ಸಾಹದಿಂದಾಗಿ ಒಂದೊಂದು ನಕಲೂ ದಿನೇದಿನೇ ಕೊಬ್ಬಿತ್ತು. ಎರಡು ಬೆಳವಣಿಗೆಗಳೂ ಒಂದನ್ನೊಂದು ಗುಣಿಸಿಕೊಂಡು ಬಿಲ್ಲಾಗಿದ್ದವು. ಅದರ ಮೇಲೆ ಇನ್ನೊಂದು ದೇಶದಲ್ಲಿ ಅಷ್ಟೂ ಸರಕಿನ ಜೋಡಿ. ಐರ್ಲೆಂಡಿನ ಯಾವುದೋ ಕಟ್ಟಡದಲ್ಲೂ ಲೈದುಲ್ಫ್‌ನ ಮೀನಿನ ತಲೆಗಳು ಎಂಟು ಸಾವಿರ ಸಲ ಸುರಕ್ಷಿತವಾಗಿದ್ದವು.

ಆಮೇಲಿನ ಎರಡು ವಾರ ಅರ್ನ್‌ಫಿನ್ ಯಾನಿಕೆಗೆ ಎಷ್ಟು ಫೋನು ಮಾಡಿದನೆಂದರೆ, ಅವಳು ತನ್ನ ಮಗಳ ಕೋಣೆಗೆ ಯಾವ ಬಣ್ಣ ಚೆನ್ನ ಎಂದು ಇವನನ್ನು ಕೇಳುವಷ್ಟು ಸಲಿಗೆ ಬೆಳೆಯಿತು. ಕೊನೆಯದೊಂದು ನಕಲು ಸಾಕು, ಉಳಿದದ್ದೆಲ್ಲ ದಂಡ ಎಂದು ಇವನು ಹಾರಾಡಿದಾಗ ಅವಳು ತಡೆದಳು: "ಹೋದ ವಾರ ಆದ ತಪ್ಪು ಇವತ್ತು ಕಣ್ಣಿಗೆ ಬಿದ್ರೆ? ಕೊನೇ ನಕಲಲ್ಲೂ ಅದೇ ತಪ್ಪು ಇರುತ್ತಲ್ಲ." ಅಂತೂ ಗಂಟೆಯ ನಕಲುಗಳು ಎರಡು ದಿನ, ದಿನದ ನಕಲುಗಳು ಒಂದು ತಿಂಗಳು, ತಿಂಗಳ ನಕಲುಗಳು ಒಂದು ವರ್ಷ ಉಳಿದರೆ ಸಾಕು ಎಂದಾಯಿತು. ಮೊದಲು ಒಂದು ಪೂರ್ತಿ ನಕಲು, ಆಮೇಲೆ ಬದಲಾದದ್ದರ ನಕಲು ಮಾತ್ರ. ಫೋಟೋಗಳೆಲ್ಲ ಬೇರೆ ಮೂಲೆಗೆ. ಒಂದೊಂದಕ್ಕೂ ಒಂದೇ ನಕಲು. ಹಳೆಯ ಎಂಟು ಸಾವಿರವನ್ನು ಸಭೆ ತೀರ್ಮಾನಿಸುವ ತನಕ ಇರಲೆಂದು, ಬಾಡಿಗೆ ಅಗ್ಗವಾದ, ಹೊರತೆಗೆಯಲು ತಡವಾಗುವ ಕಂಪನಿಯ ಉಗ್ರಾಣಕ್ಕೆ ತಳ್ಳಿದ. ಐರ್ಲೆಂಡಿನ ಚೌಕದ ಗುರುತನ್ನು ಅಳಿಸಿದ. ಮಾರ್ಚಿನ ಬಿಲ್ಲು ಬಂದಾಗ ಲೈದುಲ್ಫ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಹತ್ತನೇ ಒಂದು ಭಾಗ.

"ಸಂಖ್ಯೆ ಏನೋ ಸರಿ" ಎಂದಳು ಆಸ್ಲಾಗ್. "ಆದ್ರೆ ಜನ ಒಪ್ಪಬೇಕಲ್ಲ. ಎಂಟು ಸಾವಿರ ಇದ್ದದ್ದು ಈಗ ನೂರಕ್ಕೂ ಕಡಿಮೆ ಅಂದ್ರೆ ಹೆದರ್ತಾರೆ. ಹಳೇ ವ್ಯವಸ್ಥೇನೇ ಬೇಕು, ಕೋಣೆ ಬಾಡಿಗೆಗೆ ಕೊಡಿ ಅಂತಾರೆ."

"ಕಳೆದದ್ದನ್ನ ವಾಪಸ್ ತಂದು ಕಣ್ಣೆದುರೇ ತೋರಿಸ್ತೀನಿ" ಎಂದ ಅರ್ನ್‌ಫಿನ್. ಸುಳ್ಳಿನ ಸಲಿಕೆ, ಸುಳ್ಳಿನ ಸೌನಾಗಳಿರುವ ಒಂದು ಆಟದ ಡೇಟಾಬೇಸನ್ನು ಅದಕ್ಕೆಂದೇ ಸಿದ್ಧ ಮಾಡಿಕೊಂಡ.

ಸಭೆಯ ಸಂಜೆ ಅವನು ನೆಲಮಾಳಿಗೆಗೆ ಇಣುಕಿದ. ಗೆಲುವು ತನ್ನದೇ ಎಂದು ನಂಬಿದ ಯೋಸ್ಟೈನ್ ಮೊದಲ ಕಂತಿನ ಟೈರುಗಳನ್ನು ಇಳಿಸಿಯೇ ಬಿಟ್ಟಿದ್ದ. ಗೋಡೆಗೊರಗಿಸಿ, ಮೇಜಿನ ಮೇಲೆ, ಕೊನೆಗೆ ದೋಣಿಯ ಒಳಗೂ.

"ಚೆನ್ನಾಗಿ ಹಿಡಿಸುತ್ತೆ ರೀ ಇದು" ಎಂದ ಯೋಸ್ಟೈನ್, ದೋಣಿಯ ಅಂಚು ತಟ್ಟುತ್ತ. "ಎಂಟು ಟೈರು ಆರಾಮಾಗಿ ಕೂರುತ್ವೆ."

ಅರ್ನ್‌ಫಿನ್ ಟೈರುಗಳ ನಡುವೆ ದಾರಿ ಮಾಡಿಕೊಂಡು ಹೊರಬಂದ. ಮೇಲೆ ಹೋಗಿ, ಪರದೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡ. ಸಭಾಂಗಣ ತುಂಬಿತ್ತು. ಪೂರ್ತಿ ನಕಲು ಎಂದರೇನು, ಬದಲಾದದ್ದರ ನಕಲು ಎಂದರೇನು ಎಂದು ಬಣ್ಣದ ಡಬ್ಬಿಗಳ ಹೋಲಿಕೆ ಕೊಟ್ಟು ವಿವರಿಸಿದ. ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ತಲೆದೂಗಿದರು. "ಈಗ ಇದನ್ನ ಅಳಿಸ್ತೀನಿ, ನೋಡಿ" ಎಂದು ಗುಂಡಿ ಒತ್ತಿದ.

ಪರದೆ ಬೆಳ್ಳಗಾಯಿತು. ಮರುಕ್ಷಣ ಮಧ್ಯದ ಸಾಲಿನಿಂದ ಲೈದುಲ್ಫ್‌ನ ದನಿ: "ನನ್ನ ನಾಳೆಯ ಸೌನಾ ಇಲ್ಲ."

ಅರವತ್ತು ಸಂಸಾರಗಳು ಫೋನು ತೆಗೆದವು. "ನನ್ನ ಕಾರಿನ ಜಾಗ ಇಲ್ಲ!" "ಈಸ್ಟರ್‌ಗೆ ಒಗೆಯೋ ಸರದಿ ಹೋಯ್ತು!" "ಹೋದ ವರ್ಷಾನೇ ಹೋಯ್ತು!" ಬೋರ್ಗ್‌ಹಿಲ್ಡ್ ಎದ್ದು ನಿಂತಳು. ನಗರಸಭೆಗೆ ಬರೆಯಲು ಪೆನ್ನು ತೆಗೆದಳು.

ಅರ್ನ್‌ಫಿನ್ ಪರದೆಯ ಮೂಲೆಯ ಹೆಸರು ಓದಿದ. ಆಟದ್ದಲ್ಲ. ಅಸಲಿಯದು. ಎರಡು ಕಿಟಕಿ ಅಕ್ಕಪಕ್ಕ ತೆರೆದಿದ್ದವು. ತಪ್ಪು ಕಿಟಕಿಯಲ್ಲಿ ಒತ್ತಿದ್ದ. ಓಡಿಹೋಗಲು ಇದ್ದ ಒಂದೇ ಬಾಗಿಲಿನ ಬಳಿ ಗುನ್ವೋರ್ ಕೂತಿದ್ದಳು. ಅವಳು ಅವನನ್ನೇ ನೋಡುತ್ತ, ಹೊಲಿಗೆಯಿಂದ ಕೈ ತೆಗೆಯದೆ, "ನಿಜವಾದದ್ದನ್ನೇ ಅಳಿಸಿದ್ಯಾ?" ಎಂದಳು, ಸಭೆಗೆಲ್ಲ ಕೇಳುವಂತೆ.

"ಹೌದು" ಎಂದ ಅರ್ನ್‌ಫಿನ್. ತನ್ನ ದನಿ ತನಗೇ ಅಪರಿಚಿತವಾಗಿತ್ತು. "ನಿಜವಾದದ್ದನ್ನೇ. ಆಟದ್ದನ್ನ ಅಳಿಸಿ ತೋರಿಸಿದ್ರೆ ನೀವು ನಂಬ್ತಿದ್ರಾ?"

ಅವನು ಸಂಜೆ ಆರರ ನಕಲನ್ನು ಆರಿಸಿ, ಕಣ್ಣು ಮುಚ್ಚಿ, ಮರಳಿಸು ಎಂಬ ಗುಂಡಿ ಒತ್ತಿದ. ಪರದೆಯ ಮೇಲೊಂದು ಹಸಿರು ಗೆರೆ ಮೂಡಿ, ಮುಂದೆ ಹೋಗುವುದೋ ಬೇಡವೋ ಎಂದು ಯೋಚಿಸತೊಡಗಿತು.

"ಅದು ನಿಂತಿದೆ" ಎಂದ ಲೈದುಲ್ಫ್.

"ಬರ್ತಾ ಇದೆ."

"ನಿಂತಿದೆ. ನಾನು ಮೂವತ್ತು ವರ್ಷ ಹಡಗು ನೋಡಿದೀನಿ. ಬರೋದಕ್ಕೂ ನಿಂತಿರೋದಕ್ಕೂ ವ್ಯತ್ಯಾಸ ಗೊತ್ತು ನನಗೆ."

"ಕಾಫಿ ಕುಡೀರಿ" ಎಂದಳು ಆಸ್ಲಾಗ್. ಯಾರೂ ಫ್ಲಾಸ್ಕಿನತ್ತ ಕೈ ಚಾಚುವ ಧೈರ್ಯ ಮಾಡಲಿಲ್ಲ. ಗೆರೆ ಅರ್ಧಕ್ಕೆ ಬಂತು. ಯೋಸ್ಟೈನ್ ಜೇಬಿನಿಂದ ಬಾಡಿಗೆ ಒಪ್ಪಂದವನ್ನೂ ಪೆನ್ನನ್ನೂ ತೆಗೆದು ತೊಡೆಯ ಮೇಲಿಟ್ಟುಕೊಂಡ. ಗೆರೆ ಮುಕ್ಕಾಲಿಗೆ ಬಂದು ಮತ್ತೆ ನಿಂತಿತು. ಅರ್ನ್‌ಫಿನ್ ಕಣ್ಣ ಮುಂದೆ ಟೈರು ತುಂಬಿದ ದೋಣಿ ತೇಲಿಹೋಯಿತು.

"ಸೌನಾ ಬಂತು" ಎಂದ ಲೈದುಲ್ಫ್.

ಆಮೇಲೆ ಎಲ್ಲ ಕಡೆಯಿಂದಲೂ. "ಕಾರು ಬಂತು!" "ಈಸ್ಟರ್ ಬಂತು!" "ಅಯ್ಯೋ, ನನ್ನ ದಂಡಾನೂ ಬಂತು!" ಬೋರ್ಗ್‌ಹಿಲ್ಡ್ ಫೋನಿಗೆ ಮೂಗು ತಾಗಿಸಿ ಒಂದೊಂದೇ ಫೋಟೋ ಸರಿಸಿ ನೋಡುತ್ತಿದ್ದಳು. ಇಡೀ ಸಭೆ ಅವಳ ಮುಖ ನೋಡುತ್ತಿತ್ತು. ಕೊನೆಗೆ ತಲೆಯೆತ್ತಿದಳು.

"ಎಲ್ಲ ಇದೆ. ಮೀನು ಮೊದಲಿಗಿಂತ ಸ್ಪಷ್ಟವಾಗಿ ಕಾಣ್ತಿದೆ."

"ಆರು ಗಂಟೆ ಆದ ಮೇಲೆ ನಡೆದದ್ದು ಮಾತ್ರ ವಾಪಸ್ ಬರಲ್ಲ" ಎಂದ ಅರ್ನ್‌ಫಿನ್, ಪ್ರಾಮಾಣಿಕವಾಗಿ.

"ಆರಾದ ಮೇಲೆ ಏನು ನಡೆದಿದೆ?"

"ಅಧ್ಯಕ್ಷರ ಭಾಷಣ."

"ಹೋಗಲಿ ಬಿಡು" ಎಂದರು ಹಲವರು ಒಟ್ಟಿಗೆ.

ಆಸ್ಲಾಗ್ ಮತಕ್ಕೆ ಹಾಕಿದಳು. ಹೊಸ ವ್ಯವಸ್ಥೆ ಇರಲಿ ಎನ್ನುವವರು? ಎಲ್ಲ ಕೈಗಳೂ ಮೇಲೆದ್ದವು. ಬೋರ್ಗ್‌ಹಿಲ್ಡ್ ಎರಡೂ ಕೈ ಎತ್ತಿದ್ದರಿಂದ ಲೈದುಲ್ಫ್ ಪುನಃ ಎಣಿಸಬೇಕಾಯಿತು. ಉಗ್ರಾಣದಲ್ಲಿರುವ ಹಳೆಯ ಎಂಟು ಸಾವಿರ ಹೋಗಲಿ ಎನ್ನುವವರು? ಮತ್ತೆ ಎಲ್ಲ ಕೈಗಳು. ಮರಗೆಲಸದ ಕೋಣೆ ಸಂಘದ ಬಳಿಯೇ ಇರಲಿ ಎನ್ನುವವರು? ಅರ್ನ್‌ಫಿನ್ ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಕೈಗಳೆಲ್ಲ ಎದ್ದು, ಆಸ್ಲಾಗ್ ಒಪ್ಪಿಗೆಯ ಸುತ್ತಿಗೆಯನ್ನು ಮೇಜಿಗೆ ಕುಟ್ಟಿ ಆಗಿತ್ತು.

"ಕೆಟ್ಟದ್ದೇನಲ್ಲ, ಅರ್ನ್‌ಫಿನ್" ಎಂದಳು ಆಸ್ಲಾಗ್. ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬದುಕಿರುವವರಿಗೆ ಸಿಗುವುದಿಲ್ಲ.

ಯೋಸ್ಟೈನ್ ಪೆನ್ನು ಜೇಬಿಗಿಳಿಸಿ ಎದ್ದುನಿಂತ. "ಹಾಗಾದ್ರೆ ನನ್ನ ಟೈರುಗಳು?"

ಯಾರೂ ಹೇಳಬೇಕಾಗಲಿಲ್ಲ. ಜನ ತಾವಾಗಿಯೇ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ, ಅಂಗಳ ದಾಟಿ, ಬೀದಿಯಲ್ಲಿ ನಿಂತಿದ್ದ ವ್ಯಾನಿನ ತನಕ ಸಾಲಾಗಿ ನಿಂತರು. ಟೈರು ಕೈಯಿಂದ ಕೈಗೆ ಹೊರಟಿತು. ಮೂರನೇ ಮಹಡಿಯವಳು ಎದುರು ಮನೆಯವನಿಗೆ ಕೊಟ್ಟಳು, ಅವನು ಬೋರ್ಗ್‌ಹಿಲ್ಡ್‌ಗೆ, ಬೋರ್ಗ್‌ಹಿಲ್ಡ್ ಲೈದುಲ್ಫ್‌ಗೆ, ಮೀನಿನ ಮಾತನ್ನು ಆ ಹೊತ್ತಿಗೆ ಬದಿಗಿಟ್ಟು. ಆಸ್ಲಾಗ್ ಬಿಸಿ ವ್ಯಾಫಲ್ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಓಡಾಡಿದಳು.

"ಎಷ್ಟೋ ಕಡೆ ನನ್ನನ್ನ ಆಚೆ ಹಾಕಿದಾರೆ" ಎಂದ ಯೋಸ್ಟೈನ್, ಬಾಯಿ ತುಂಬ ವ್ಯಾಫಲ್ ಇಟ್ಟುಕೊಂಡು. "ಇಷ್ಟು ಚೆನ್ನಾಗಿ ಯಾರೂ ಹಾಕಿರಲಿಲ್ಲ."

ದೋಣಿಯೊಳಗಿನ ಎಂಟು ಟೈರುಗಳನ್ನು ಮುಟ್ಟಲು ಅರ್ನ್‌ಫಿನ್ ಬೇರೆ ಯಾರನ್ನೂ ಬಿಡಲಿಲ್ಲ. ಒಂದೊಂದನ್ನಾಗಿ ಎತ್ತಿ ಬಾಗಿಲಲ್ಲಿದ್ದ ಗುನ್ವೋರ್‌ಳ ಕೈಗೆ ಕೊಟ್ಟ. ಕೊನೆಯದನ್ನು ಕೊಡಲಿಲ್ಲ, ತಾನೇ ಎದೆಗವಚಿಕೊಂಡು ಮೆಟ್ಟಿಲು ಹತ್ತಿ, ಅಂಗಳದ ಇಳಿಜಾರಿನಲ್ಲಿ ಬಿಟ್ಟ. ಟೈರು ಇಡೀ ಸ್ಕೋಗ್‌ಲಿಯಾದ ಕಣ್ಣೆದುರು, ಚಪ್ಪಾಳೆಯ ನಡುವೆ, ನೇರವಾಗಿ ಉರುಳಿಹೋಗಿ ವ್ಯಾನಿನ ಬಾಗಿಲಿಗೆ ಬಡಿದು ನಿಂತಿತು. ಅದನ್ನು ಒಳಗೆ ಹಾಕುವ ಕೆಲಸ ಯೋಸ್ಟೈನ್‌ಗೆ ಬಿಟ್ಟು, ಅರ್ನ್‌ಫಿನ್ ಕೆಳಗಿಳಿದು, ದೋಣಿಯ ಹಲಗೆಗಳ ಮೇಲಿನ ಕರಿ ಗೆರೆಗಳನ್ನು ಅಂಗೈಯಿಂದ ಒರೆಸಿ, ಕೀಸುಳಿ ಕೈಗೆತ್ತಿಕೊಂಡ.